ಅಮೆರಿಕದಲ್ಲಿ ಹೊಸ ಕಾರು: ಬ್ರೋಕರ್ ಮೂಲಕವಾ, ನೇರವಾಗಿ ಡೀಲರ್ ಹತ್ರವಾ?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನ್ನಿವೇಲ್ ಕಡೆಯ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುವ ಪ್ರಶ್ನೆ ಇದು: "ಟೊಯೊಟಾ ಸಿಯೆನ್ನಾ ತಗೋಬೇಕು, ಯಾರಿಗಾದ್ರೂ ಒಳ್ಳೆ ಬ್ರೋಕರ್ ಗೊತ್ತಾ?" ಸ್ವಲ್ಪ ಹೊತ್ತಿಗೆ ಎರಡು ಮೂರು ನಂಬರ್ ಬಂದು ಬೀಳುತ್ತವೆ. "ಬ್ರೋಕರ್ ಯಾಕೆ, ನಾನೇ ನಾಲ್ಕೈದು ಡೀಲರ್‌ಗಳಿಗೆ ಇಮೇಲ್ ಹಾಕಿ ತಗೊಂಡೆ" ಅನ್ನುವವರೂ ಒಬ್ಬರು ಇದ್ದೇ ಇರುತ್ತಾರೆ. ಇಬ್ಬರ ಮಾತೂ ಸರಿಯೇ. ಆದರೆ ಬ್ರೋಕರ್ ನಿಜಕ್ಕೂ ಏನು ಮಾಡುತ್ತಾನೆ, ಅವನಿಗೆ ದುಡ್ಡು ಯಾರ ಜೇಬಿನಿಂದ ಬರುತ್ತದೆ ಅನ್ನೋದು ಗೊತ್ತಿಲ್ಲದಿದ್ದರೆ ಯಾವುದು ನಮಗೆ ಹೊಂದುತ್ತದೆ ಅಂತ ಹೇಳೋದು ಕಷ್ಟ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಬ್ರೋಕರ್ ನಿಮಗೆ ಕೊಡಿಸುವ ಹೊಸ ಕಾರು ಅವನದ್ದಲ್ಲ. ಕಂಪನಿಯಿಂದ ನೇರವಾಗಿ ತರಿಸುವ ಗುಪ್ತ ದಾರಿಯೂ ಅವನಿಗಿಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳ ಕಾನೂನಿನ ಪ್ರಕಾರ ಟೊಯೊಟಾ, ಹೋಂಡಾ, ಫೋರ್ಡ್‌ನಂಥ ಕಂಪನಿಗಳು ಹೊಸ ಕಾರನ್ನು ಗಿರಾಕಿಗೆ ತಾವೇ ಮಾರುವಂತಿಲ್ಲ. ಫ್ರಾಂಚೈಸ್ (ಕಂಪನಿಯ ಹೆಸರಲ್ಲಿ ಮಾರುವ ಅನುಮತಿ) ಪಡೆದ ಡೀಲರ್ ಮೂಲಕವೇ ಮಾರಬೇಕು. ಕಂಪನಿಗಳು ಡೀಲರ್‌ಗಳನ್ನು ಬೇಕಾದ ಹಾಗೆ ಕುಣಿಸುತ್ತಿವೆ ಅನ್ನುವ ದೂರು ಹಿಂದೆ ಜೋರಾಗಿತ್ತು. 1956ರಲ್ಲಿ ಅಮೆರಿಕದ ಸಂಸತ್ತು ಡೀಲರ್‌ಗಳಿಗೆ ಕಂಪನಿಯ ವಿರುದ್ಧ ಕೋರ್ಟಿಗೆ ಹೋಗಲು ಪ್ರತ್ಯೇಕ ಕಾನೂನನ್ನೇ ಮಾಡಿಕೊಟ್ಟಿತು. ರಾಜ್ಯಗಳೂ ತಮ್ಮ ತಮ್ಮ ಕಾನೂನು ಮಾಡಿಕೊಂಡವು. ಹಾಗಾಗಿ ಬ್ರೋಕರ್ ಕೊಡಿಸುವ ಸಿಯೆನ್ನಾ ಕೂಡ ಯಾವುದೋ ಟೊಯೊಟಾ ಡೀಲರ್‌ನ ಅಂಗಳದಲ್ಲಿ ನಿಂತಿದ್ದ ಗಾಡಿಯೇ. ಒಪ್ಪಂದದ ಕಾಗದದಲ್ಲಿ ಮಾರಿದವರು ಅಂತ ಇರೋದು ಆ ಡೀಲರ್ ಹೆಸರು. ವಾರಂಟಿ ಕಂಪನಿಯದ್ದು. ಸರ್ವೀಸನ್ನು ಮನೆ ಹತ್ತಿರದ ಯಾವ ಟೊಯೊಟಾ ಡೀಲರ್ ಹತ್ತಿರ ಬೇಕಾದರೂ ಮಾಡಿಸಬಹುದು.

ಎಲೆಕ್ಟ್ರಿಕ್ ಕಾರು ಮಾಡುವ ಟೆಸ್ಲಾ, ರಿವಿಯನ್, ಲೂಸಿಡ್‌ಗಳ ಕಥೆ ಬೇರೆ. ಅವಕ್ಕೆ ಫ್ರಾಂಚೈಸ್ ಡೀಲರ್‌ಗಳೇ ಇಲ್ಲ, ಬೆಲೆ ವೆಬ್‌ಸೈಟಿನಲ್ಲಿ ಇದ್ದಷ್ಟೇ. ಚೌಕಾಸಿಗೆ ಜಾಗ ಇಲ್ಲದ ಕಡೆ ಬ್ರೋಕರ್‌ಗೂ ಕೆಲಸ ಇಲ್ಲ.

ನಮ್ಮ ಕಡೆ ದನದ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡಿದವರಿಗೆ ಈ ವ್ಯವಹಾರ ಬೇಗ ಅರ್ಥವಾಗುತ್ತದೆ. ಎತ್ತು ಮಾರುವವನದ್ದು, ದುಡ್ಡು ಕೊಳ್ಳುವವನದ್ದು. ದಲ್ಲಾಳಿ ಹತ್ತಿರ ಇರೋದು ಇವತ್ತಿನ ದರ ಎಷ್ಟು, ಯಾರು ಎಷ್ಟಕ್ಕೆ ಇಳಿಯುತ್ತಾರೆ ಅನ್ನುವ ಲೆಕ್ಕ ಮಾತ್ರ. ಅವನು ಎರಡೂ ಕಡೆಯಿಂದ ದಲ್ಲಾಳಿ ಹಣ ಪಡೆಯುವುದೂ ಉಂಟು. ಕಾರಿನ ಬ್ರೋಕರ್ ವಿಷಯದಲ್ಲೂ ಮೊದಲು ಕೇಳಬೇಕಾದ್ದು ಇದನ್ನೇ: ಟವೆಲ್ ಕೆಳಗೆ ಇನ್ನೊಂದು ಕೈ ಇದೆಯಾ?

ಡೀಲರ್‌ಗೆ ಲಾಭ ಎಲ್ಲೆಲ್ಲಿಂದ

ಬೆಂಗಳೂರಿನ ಶೋರೂಮಿನಲ್ಲಿ ಕಾರು ಕೊಂಡು ಅಭ್ಯಾಸ ಇರುವವರಿಗೆ ಇಲ್ಲಿನ ಬೆಲೆ ಮೊದಲು ತಲೆ ತಿರುಗಿಸುತ್ತದೆ. ಅಲ್ಲಿ ಎಕ್ಸ್ ಶೋರೂಮ್ ಬೆಲೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ನಾವು ಹಟ ಹಿಡಿಯೋದು ಮ್ಯಾಟ್, ಸೀಟ್ ಕವರ್, ಇನ್ಶೂರೆನ್ಸ್, ಎಕ್ಸ್‌ಚೇಂಜ್ ಬೋನಸ್ ಮೇಲೆ. ಅಮೆರಿಕದಲ್ಲಿ ಎಂಎಸ್‌ಆರ್‌ಪಿ ಅನ್ನೋದು ಕಂಪನಿ 'ಸೂಚಿಸಿದ' ಬೆಲೆ, ಅಷ್ಟೇ. ಡೀಲರ್ ಅದಕ್ಕಿಂತ ಕಡಿಮೆಗೂ ಮಾರಬಹುದು, ಜಾಸ್ತಿಗೂ ಮಾರಬಹುದು.

ಆ ಸೂಚಿತ ಬೆಲೆ ಕಿಟಕಿ ಗಾಜಿಗೆ ಅಂಟಿಸಿದ ದೊಡ್ಡ ಚೀಟಿಯಲ್ಲಿ ಇರುತ್ತದೆ. ಅದಕ್ಕೆ ಮನ್ರೋನಿ ಸ್ಟಿಕರ್ ಅಂತ ಹೆಸರು. ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಮುಂದೆ ನಿಂತು 1958ರಲ್ಲಿ ಮಾಡಿಸಿದ ಕಾನೂನಿನಿಂದ ಬಂದದ್ದು. ಮೂಲ ಬೆಲೆ, ಕಾರ್ಖಾನೆಯಲ್ಲೇ ಹಾಕಿದ ಆಪ್ಷನ್‌ಗಳು, ಗಾಡಿಯನ್ನು ಡೀಲರ್ ತನಕ ಸಾಗಿಸಿದ ಖರ್ಚು ಎಲ್ಲ ಅದರಲ್ಲಿ ಇರಲೇಬೇಕು. ಮಾರಾಟಕ್ಕೆ ಮುಂಚೆ ಡೀಲರ್ ಅದನ್ನು ಕಿತ್ತು ಹಾಕುವಂತಿಲ್ಲ. ಆದರೆ ಪಕ್ಕದಲ್ಲಿ ತನ್ನದೇ ಇನ್ನೊಂದು ಚೀಟಿ ಅಂಟಿಸುವುದಕ್ಕೆ ಅಡ್ಡಿ ಇಲ್ಲ. ಟೈರಿಗೆ ನೈಟ್ರೋಜನ್, ಬಾಗಿಲಿನ ಅಂಚಿಗೆ ಫಿಲ್ಮ್, ಕಳ್ಳತನ ಆದರೆ ಹುಡುಕಲು ಟ್ರ್ಯಾಕರ್, ಕೊನೆಗೆ 'ಮಾರ್ಕೆಟ್ ಅಡ್ಜಸ್ಟ್‌ಮೆಂಟ್'. ಕೊನೆಯದ್ದರಲ್ಲಿ ನಿಮಗೆ ಸಿಗುವ ವಸ್ತು ಏನೂ ಇಲ್ಲ. ಗಾಡಿಗೆ ಬೇಡಿಕೆ ಇದೆ, ಅದಕ್ಕೇ ಇಷ್ಟು ಜಾಸ್ತಿ ಕೊಡಿ ಅಂತ. 2021, 2022ರಲ್ಲಿ ಚಿಪ್ ಕೊರತೆ ಬಂದಾಗ ಈ ಎರಡನೇ ಚೀಟಿಯ ಮೇಲೆ ಸಾವಿರಾರು ಡಾಲರ್ ಸೇರಿಸಿದ್ದು ಸಾಮಾನ್ಯ ದೃಶ್ಯವಾಗಿತ್ತು. 2021ರ ಮಾಡೆಲ್‌ನಿಂದ ಬರೀ ಹೈಬ್ರಿಡ್ ಆಗಿ ಬರುತ್ತಿರುವ ಸಿಯೆನ್ನಾಕ್ಕೆ ಜನ ತಿಂಗಳುಗಟ್ಟಲೆ ಕಾದರು.

ಚೀಟಿಯ ಹಿಂದೆ ಇನ್ನೂ ಒಂದೆರಡು ಲೆಕ್ಕ ಇವೆ. ಡೀಲರ್ ಕಂಪನಿಗೆ ಕೊಡುವ ದರಕ್ಕೆ ಇನ್‌ವಾಯ್ಸ್ ಅನ್ನುತ್ತಾರೆ. "ಇನ್‌ವಾಯ್ಸ್ ದರಕ್ಕೇ ಕೊಡ್ತಿದೀವಿ, ನಮಗೇನೂ ಉಳಿಯಲ್ಲ" ಅಂತ ಸೇಲ್ಸ್‌ಮನ್ ಮುಖ ಸಪ್ಪಗೆ ಮಾಡಿದರೆ ಪೂರ್ತಿ ನಂಬಬೇಡಿ. ಹಲವು ಕಂಪನಿಗಳು ಗಾಡಿ ಮಾರಿದ ಮೇಲೆ ಬೆಲೆಯ ಶೇಕಡ 2ರಿಂದ 3ರಷ್ಟನ್ನು ಹೋಲ್ಡ್‌ಬ್ಯಾಕ್ ಹೆಸರಲ್ಲಿ ಡೀಲರ್‌ಗೆ ವಾಪಸ್ ಕೊಡುತ್ತವೆ. ಇದರ ಮೇಲೆ, ತಿಂಗಳಿಗೆ ಇಂತಿಷ್ಟು ಗಾಡಿ ಮಾರಿದರೆ ಬೋನಸ್ ಬೇರೆ. ಗುರಿ ಮುಟ್ಟಲು ಎರಡು ಗಾಡಿ ಕಡಿಮೆ ಇರುವ ಡೀಲರ್ ತಿಂಗಳ ಕೊನೆಯಲ್ಲಿ ಒಂದು ಗಾಡಿಯನ್ನು ನಷ್ಟಕ್ಕಾದರೂ ಸಾಗಹಾಕುತ್ತಾನೆ. ಯಾಕೆಂದರೆ ಆ ಬೋನಸ್ ಎಲ್ಲ ಗಾಡಿಗಳ ಲೆಕ್ಕಕ್ಕೂ ಬರುತ್ತದೆ. ಬ್ರೋಕರ್‌ಗಳ ಬದುಕು ನಡೆಯೋದೇ ಈ ಸಂದಿಯಲ್ಲಿ. ಯಾವ ಡೀಲರ್‌ಗೆ ಈ ವಾರ ಗಾಡಿ ಕಳೆಯುವ ಅವಸರ ಇದೆ ಅನ್ನೋದು ಅವರಿಗೆ ಗೊತ್ತಿರುತ್ತದೆ.

ಒಳಗಿನ ಕೋಣೆ

ಬೆಲೆ ಮಾತಾಡಿ ಕೈ ಕುಲುಕಿದ ಮೇಲೆ ಮುಗಿಯಿತು ಅಂದುಕೊಳ್ಳುತ್ತೇವೆ. ಅಲ್ಲಿಂದ ನಿಮ್ಮನ್ನು ಇನ್ನೊಂದು ಕೋಣೆಗೆ ಕಳಿಸುತ್ತಾರೆ. ಅಲ್ಲಿ ಫೈನಾನ್ಸ್ ಮ್ಯಾನೇಜರ್ ಕೂತಿರುತ್ತಾರೆ. ಬರೀ ಸಹಿ ಹಾಕಿಸಿಕೊಳ್ಳೋಕೆ ಇರುವವರು ಅನ್ನೋ ಹಾಗೆ ಕಾಣುತ್ತಾರೆ, ಆದರೆ ಡೀಲರ್‌ಶಿಪ್‌ನಲ್ಲಿ ಒಳ್ಳೆ ದುಡಿಮೆ ಆಗುವ ಜಾಗ ಅದೇ. ಎಕ್ಸ್‌ಟೆಂಡೆಡ್ ವಾರಂಟಿ, ಗ್ಯಾಪ್ ಇನ್ಶೂರೆನ್ಸ್ (ಕಾರು ಪೂರ್ತಿ ಹಾಳಾದರೆ ವಿಮೆಯ ಹಣಕ್ಕೂ ಉಳಿದ ಸಾಲಕ್ಕೂ ಇರುವ ಅಂತರ ತುಂಬುವುದು), ಬಣ್ಣಕ್ಕೆ ಕೋಟಿಂಗ್, ಚಕ್ರಕ್ಕೆ ಪ್ಲಾನ್ ಅಂತ ಒಂದೊಂದೇ ಹಾಳೆ ಮುಂದೆ ಬರುತ್ತದೆ. ಅವುಗಳಿಗೆ ಬೇಡ ಅನ್ನೋದು ಸುಲಭ. ಕಣ್ಣಿಗೆ ಬೀಳದ್ದು ಬಡ್ಡಿ.

ನಿಮ್ಮ ಕ್ರೆಡಿಟ್ (ಹಿಂದಿನ ಸಾಲ ತೀರಿಸಿದ ದಾಖಲೆ) ನೋಡಿ ಬ್ಯಾಂಕು ಡೀಲರ್‌ಗೆ ಶೇಕಡ 5 ಅಂತ ದರ ಹೇಳಿತು ಅನ್ನಿ. ಡೀಲರ್ ನಿಮಗೆ ಹೇಳೋದು 7. ನಡುವಿನ ಲಾಭದಲ್ಲಿ ಡೀಲರ್‌ಗೆ ದೊಡ್ಡ ಪಾಲು ಬರುತ್ತದೆ. ಇದು ಕಳ್ಳತನ ಅಲ್ಲ, ಕಾನೂನು ಒಪ್ಪಿರುವ ವ್ಯಾಪಾರ. ಕ್ಯಾಲಿಫೋರ್ನಿಯಾದಲ್ಲಿ 2006ರಲ್ಲಿ ಜಾರಿಗೆ ಬಂದ ಕಾರು ಕೊಳ್ಳುವವರ ಹಕ್ಕುಗಳ ಕಾನೂನು ಇದಕ್ಕೊಂದು ಮಿತಿ ಹಾಕಿದೆ: 60 ತಿಂಗಳವರೆಗಿನ ಸಾಲಕ್ಕೆ ಬ್ಯಾಂಕಿನ ದರದ ಮೇಲೆ ಹೆಚ್ಚೆಂದರೆ ಶೇಕಡ ಎರಡೂವರೆ ಪಾಯಿಂಟ್, ಅದಕ್ಕಿಂತ ಉದ್ದದ ಸಾಲಕ್ಕೆ ಎರಡು ಪಾಯಿಂಟ್. ಈಗ ಲೆಕ್ಕ ನೋಡಿ. 36,000 ಡಾಲರ್ ಸಾಲ, 72 ತಿಂಗಳು. ಶೇಕಡ 5ರಲ್ಲಿ ಕಂತು ಸುಮಾರು 580 ಡಾಲರ್. ಶೇಕಡ 7ರಲ್ಲಿ ಸುಮಾರು 614. ತಿಂಗಳಿಗೆ 34 ಡಾಲರ್ ಅಂದರೆ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ, ಅಲ್ವಾ? ಆರು ವರ್ಷಕ್ಕೆ ಅದು 2,450 ಡಾಲರ್ ಹತ್ತಿರ ಆಗುತ್ತದೆ. ಬೆಲೆಯಲ್ಲಿ ಎರಡು ಗಂಟೆ ಜಗ್ಗಾಡಿ ಉಳಿಸಿದ 1,500 ಡಾಲರ್ ಇಲ್ಲಿ ಹತ್ತೇ ನಿಮಿಷದಲ್ಲಿ ಹೋಗಿರುತ್ತದೆ.

ಅದಕ್ಕೇ "ತಿಂಗಳಿಗೆ ಎಷ್ಟು ಕಟ್ಟೋಕೆ ಆಗುತ್ತೆ ನಿಮಗೆ?" ಅನ್ನುವ ಪ್ರಶ್ನೆಗೆ ಉತ್ತರ ಕೊಡಲೇಬಾರದು. ಅದಕ್ಕೆ ಒಂದು ಸಂಖ್ಯೆ ಹೇಳಿದಿರೋ, ಸಾಲದ ಅವಧಿ, ಬಡ್ಡಿ, ಬೆಲೆ ಮೂರನ್ನೂ ಆ ಸಂಖ್ಯೆಗೆ ಕೂರುವ ಹಾಗೆ ಹೊಂದಿಸಿಬಿಡುತ್ತಾರೆ. ಸಹಕಾರಿ ಬ್ಯಾಂಕಿನಂಥ ನಿಮ್ಮ ಕ್ರೆಡಿಟ್ ಯೂನಿಯನ್‌ನಿಂದ ಮೊದಲೇ ಸಾಲ ಮಂಜೂರು ಮಾಡಿಸಿಕೊಂಡು ಹೋಗಿ. "ಇದಕ್ಕಿಂತ ಕಡಿಮೆ ಕೊಟ್ಟರೆ ನಿಮ್ಮದನ್ನೇ ತಗೋತೀನಿ" ಅಂದರೆ ಬಹಳ ಸಲ ಅವರೇ ಇಳಿಯುತ್ತಾರೆ.

ಲೀಸ್, ಅಂದರೆ ಕಾರನ್ನು ಕೆಲವು ವರ್ಷ ತಿಂಗಳ ಕಂತಿಗೆ ಬಳಸಿ ವಾಪಸ್ ಕೊಡುವ ಒಪ್ಪಂದ, ಇನ್ನೂ ಗೋಜಲು. ಅಲ್ಲಿ ಬಡ್ಡಿಯನ್ನು ಬಡ್ಡಿ ಅಂತ ಹೇಳೋದೇ ಇಲ್ಲ. ಮನಿ ಫ್ಯಾಕ್ಟರ್ ಅಂತ 0.00150, 0.00210ರಂಥ ಪುಟ್ಟ ಸಂಖ್ಯೆ ಕೊಡುತ್ತಾರೆ. ಅದನ್ನು 2,400ರಿಂದ ಗುಣಿಸಿದರೆ ಹೆಚ್ಚುಕಡಿಮೆ ವರ್ಷದ ಬಡ್ಡಿ ಸಿಗುತ್ತದೆ: ಮೊದಲನೆಯದು ಶೇಕಡ 3.6, ಎರಡನೆಯದು 5.04. ತಿಂಗಳ ಬಡ್ಡಿ ತಿಳಿಯಬೇಕಾದರೆ ಕಾರಿಗೆ ಒಪ್ಪಿದ ಬೆಲೆ ಮತ್ತು ಲೀಸ್ ಮುಗಿದಾಗ ಉಳಿಯುವ ಬೆಲೆ, ಎರಡನ್ನೂ ಕೂಡಿಸಿ ಈ ಸಂಖ್ಯೆಯಿಂದ ಗುಣಿಸಬೇಕು. 42,000 ಮತ್ತು 25,000 ಕೂಡಿದರೆ 67,000. 0.00150 ಆದರೆ ತಿಂಗಳಿಗೆ ಸುಮಾರು 100 ಡಾಲರ್ ಬಡ್ಡಿ, 0.00210 ಆದರೆ ಸುಮಾರು 141. ಮೂರು ವರ್ಷದ ಲೀಸಿಗೆ ವ್ಯತ್ಯಾಸ 1,450 ಡಾಲರ್ ಹತ್ತಿರ. ಅದೂ ದಶಮಾಂಶದ ನಾಲ್ಕನೇ ಸ್ಥಾನದಲ್ಲಿ ಕೂತಿರುವ ಅಂಕೆಯಿಂದ!

ಕ್ಯಾಲಿಫೋರ್ನಿಯಾದಲ್ಲಿ ಬ್ರೋಕರ್‌ಗಳು ಲೀಸ್ ವ್ಯವಹಾರದಲ್ಲೇ ಜಾಸ್ತಿ ಕಾಣಿಸೋದಕ್ಕೆ ಇದು ಒಂದು ಕಾರಣ. ಈ ತಿಂಗಳ ಮನಿ ಫ್ಯಾಕ್ಟರ್ ಎಷ್ಟು, ಉಳಿಕೆ ಬೆಲೆ ಎಷ್ಟು, ಕಂಪನಿಯ ರಿಯಾಯಿತಿ ಯಾವುದು ಅನ್ನೋದು ಅವರಿಗೆ ಬಾಯಿಪಾಠ. ನಾವು ಮೂರು ವರ್ಷಕ್ಕೊಮ್ಮೆ ಕಲಿತು ಮರೆಯುವುದನ್ನು ಅವರು ದಿನಾ ಮಾಡುತ್ತಾರೆ.

ಬ್ರೋಕರ್ ಬಂದರೆ ಏನು ಬದಲಾಗುತ್ತದೆ

ನೀವು ಮಾಡೆಲ್, ಟ್ರಿಮ್ (ಒಂದೇ ಮಾಡೆಲಿನೊಳಗಿನ ಸೌಲಭ್ಯಗಳ ದರ್ಜೆ), ಬಣ್ಣ ಹೇಳುತ್ತೀರಿ. ಬ್ರೋಕರ್ ತನಗೆ ಪರಿಚಯ ಇರುವ ಡೀಲರ್‌ಗಳ ಫ್ಲೀಟ್ ಮ್ಯಾನೇಜರ್‌ಗಳನ್ನು ವಿಚಾರಿಸುತ್ತಾನೆ. ಇವರು ಶೋರೂಮಿನಲ್ಲಿ ಎದುರಾಗುವ ಸೇಲ್ಸ್‌ಮನ್ ಅಲ್ಲ. ಒಟ್ಟೊಟ್ಟಿಗೆ ಹಲವು ಗಾಡಿ ಕಳೆಯುವ ವಿಭಾಗದವರು. ಒಬ್ಬ ಬ್ರೋಕರ್ ತಿಂಗಳು ತಿಂಗಳೂ ಗಿರಾಕಿಗಳನ್ನು ಕಳಿಸುತ್ತಿದ್ದರೆ ಅವನ ಜೊತೆ ಆಟ ಆಡೋದರಿಂದ ಡೀಲರ್‌ಗೆ ನಷ್ಟ. ಟೆಸ್ಟ್ ಡ್ರೈವ್ ಇಲ್ಲ, ಮೂರು ಗಂಟೆ ಮಾತಿಲ್ಲ, ಬಂದು ಸಹಿ ಹಾಕಿ ಹೋಗುವ ಗಿರಾಕಿ. ಅದಕ್ಕೇ ದರ ಇಳಿಯುತ್ತದೆ. ಒಪ್ಪಿಗೆಯಾದ ಮೇಲೆ ಕಾಗದ ಪತ್ರದ ಜೊತೆ ಕಾರನ್ನು ಮನೆ ಬಾಗಿಲಿಗೇ ತಂದುಕೊಡುವುದೂ ಇದೆ.

ಹೀಗಾಗಿ ಬ್ರೋಕರ್‌ನಿಂದ ನಿಮಗೆ ಸಿಗುವ ದೊಡ್ಡ ಲಾಭ ಎಷ್ಟೋ ಸಲ ಕಾರಿನ ಬೆಲೆಯದ್ದಲ್ಲ. ಅದನ್ನು ಚುರುಕಾದ ಗಿರಾಕಿ ತಾನೇ ಇಳಿಸಬಲ್ಲ. ಆ ಒಳಗಿನ ಕೋಣೆಯ ಆಟ ತಪ್ಪುತ್ತದಲ್ಲ, ಲಾಭ ಅದು. ಬಡ್ಡಿ, ಆಡ್-ಆನ್ (ಮೇಲೆ ಹೇಳಿದ ವಾರಂಟಿ, ಕೋಟಿಂಗ್‌ನಂಥ ಹೆಚ್ಚುವರಿಗಳು), ಡಾಕ್ಯುಮೆಂಟ್ ಫೀ (ಕಾಗದ ಪತ್ರ ಮಾಡಿಕೊಡಲು ಡೀಲರ್ ತಗೊಳ್ಳುವ ಶುಲ್ಕ) ಎಲ್ಲ ಮೊದಲೇ ಒಂದು ಹಾಳೆಯಲ್ಲಿ ಬರೆದು ಬಂದಿದ್ದರೆ ಅಲ್ಲಿ ಯಾರೂ ಏನೂ ಸೇರಿಸುವ ಹಾಗಿಲ್ಲ. ಬಂದಿರದಿದ್ದರೆ, ಬ್ರೋಕರ್ ಇದ್ದೂ ಪ್ರಯೋಜನ ಕಡಿಮೆ.

ಬ್ರೋಕರ್ ಫೀಸು ಸಾಮಾನ್ಯವಾಗಿ ಕೆಲವು ನೂರು ಡಾಲರ್‌ನಿಂದ ಸಾವಿರದ ಆಸುಪಾಸು. ಕೆಲವರು ನಿಮ್ಮಿಂದಲೇ ನೇರವಾಗಿ ತಗೊಳ್ಳುತ್ತಾರೆ. ಇನ್ನು ಕೆಲವರು "ನಿಮಗೆ ಒಂದು ಪೈಸೆ ಖರ್ಚಿಲ್ಲ, ಡೀಲರೇ ಕೊಡ್ತಾರೆ" ಅನ್ನುತ್ತಾರೆ. ನನಗೆ ಕೇಳಿದರೆ ಮೊದಲನೆಯವರೇ ವಾಸಿ. ಡೀಲರ್ ಕೊಡುವ ದುಡ್ಡು ಕೂಡ ನಿಮ್ಮ ಕಾರಿನ ಬೆಲೆಯೊಳಗಿಂದಲೇ ಬರಬೇಕು, ಬೇರೆ ಎಲ್ಲಿಂದ ಬರುತ್ತದೆ? ಜಾಸ್ತಿ ಕಮಿಷನ್ ಕೊಡುವ ಡೀಲರ್ ಒಬ್ಬ, ಕಡಿಮೆ ಬೆಲೆಗೆ ಗಾಡಿ ಕೊಡುವ ಡೀಲರ್ ಇನ್ನೊಬ್ಬ ಇದ್ದಾಗ ಬ್ರೋಕರ್ ಯಾರ ಕಡೆ ವಾಲುತ್ತಾನೆ ಅನ್ನೋದನ್ನು ನೀವೇ ಊಹಿಸಿ. ಎಲ್ಲರೂ ಹಾಗೆ ಅಂತಲ್ಲ. "ಈ ವ್ಯವಹಾರದಲ್ಲಿ ಡೀಲರ್‌ನಿಂದ ನಿಮಗೆ ಏನಾದರೂ ಬರುತ್ತಾ?" ಅಂತ ನೇರವಾಗಿ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ಸರಿಯಾದವರು ಹೇಳುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸಕ್ಕೆ ಕಾನೂನಿನ ಚೌಕಟ್ಟು ಇದೆ. ಯಾರೋ ಫೋನ್ ಹಿಡಿದುಕೊಂಡು ನಾನೂ ಬ್ರೋಕರ್ ಅನ್ನುವಂತಿಲ್ಲ. ವಾಹನ ನೋಂದಣಿ ನೋಡಿಕೊಳ್ಳುವ ರಾಜ್ಯದ ಇಲಾಖೆ ಡಿಎಂವಿಯಿಂದ ಡೀಲರ್ ಲೈಸೆನ್ಸ್ ಇರಬೇಕು, ಅದರ ಮೇಲೆ ಆಟೋಬ್ರೋಕರ್ ಅಂತ ಪ್ರತ್ಯೇಕ ಅನುಮತಿಯೂ ಬೇಕು. ನಿಮ್ಮ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಲೈಸೆನ್ಸ್ ಇದೆಯೋ ಇಲ್ಲವೋ ಅಂತ ಡಿಎಂವಿ ವೆಬ್‌ಸೈಟಿನಲ್ಲೇ ನೋಡಬಹುದು. ವಾಟ್ಸಾಪ್‌ನಲ್ಲಿ ಬಂದ ನಂಬರಿಗೆ ಫೋನ್ ಮಾಡುವ ಮುಂಚೆ ಈ ಎರಡು ನಿಮಿಷದ ಕೆಲಸ ಮಾಡಿ. "ನಮ್ಮೂರಿನವರು, ಪರಿಚಯದವರು" ಅನ್ನೋದು ಲೈಸೆನ್ಸ್‌ಗೆ ಬದಲಿ ಅಲ್ಲ.

ಟೆಕ್ಸಸ್‌ನಲ್ಲಿರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಡಾಲಸ್, ಆಸ್ಟಿನ್ ಕಡೆ ನಮ್ಮವರು ಬಹಳ ಇದ್ದಾರೆ. ಅಲ್ಲಿ ಹೊಸ ಕಾರಿಗೆ ಬ್ರೋಕರ್ ಆಗಿ ಕೆಲಸ ಮಾಡೋದನ್ನೇ ರಾಜ್ಯದ ಕಾನೂನು ನಿಷೇಧಿಸಿದೆ. ಕ್ಯಾಲಿಫೋರ್ನಿಯಾದ ಗೆಳೆಯರ ಸಲಹೆ ಅಲ್ಲಿ ಹಾಗೇ ನಡೆಯೋದಿಲ್ಲ. ಒಂದೇ ದೇಶ ನಿಜ, ಕಾರಿನ ವಿಷಯಕ್ಕೆ ಬಂದರೆ ಐವತ್ತು ದೇಶ. ಡಾಕ್ಯುಮೆಂಟ್ ಫೀಯನ್ನೇ ನೋಡಿ: ಕ್ಯಾಲಿಫೋರ್ನಿಯಾ ಬಹಳ ವರ್ಷದಿಂದ ಅದನ್ನು 85 ಡಾಲರ್‌ಗೆ ಕಟ್ಟಿಹಾಕಿದೆ. ಫ್ಲೋರಿಡಾದಲ್ಲಿ ಮಿತಿಯೇ ಇಲ್ಲ, ಅದೇ ಕಾಗದದ ಕೆಲಸಕ್ಕೆ ಸಾವಿರ ಡಾಲರ್ ಕೇಳುವವರಿದ್ದಾರೆ.

ಬ್ರೋಕರ್ ಇಲ್ಲದೆ

ನೀವೇ ಮಾಡುವುದಾದರೆ ಶೋರೂಮಿಗೆ ಹೋಗೋದು ಟೆಸ್ಟ್ ಡ್ರೈವ್‌ಗೆ ಮಾತ್ರ ಇರಲಿ. ಬೆಲೆ ಮಾತಾಡೋದು ಇಮೇಲ್‌ನಲ್ಲಿ. ಸುತ್ತಲ ಐದಾರು ಡೀಲರ್‌ಗಳಿಗೆ ಒಂದೇ ಪತ್ರ ಕಳಿಸಿ: ಇಂಥ ಮಾಡೆಲ್, ಇಂಥ ಟ್ರಿಮ್, ಈ ಎರಡು ಬಣ್ಣದಲ್ಲಿ ಯಾವುದಾದರೂ ಸರಿ, ನನ್ನ ಪಿನ್ ಕೋಡ್ ಇದು, ಎಲ್ಲ ತೆರಿಗೆ, ನೋಂದಣಿ, ಫೀ ಸೇರಿಸಿ ಔಟ್ ದ ಡೋರ್ ಬೆಲೆ ಬಿಡಿಸಿ ಬರೆದು ಕಳಿಸಿ. ನಮ್ಮ ಆನ್ ರೋಡ್ ಬೆಲೆ ಇದ್ದ ಹಾಗೆ. ಇಬ್ಬರು ಉತ್ತರವನ್ನೇ ಕೊಡೋದಿಲ್ಲ. ಇನ್ನಿಬ್ಬರು "ಬನ್ನಿ, ಕೂತು ಮಾತಾಡೋಣ" ಅನ್ನುತ್ತಾರೆ, ಅವರನ್ನು ಬಿಟ್ಟುಬಿಡಿ. ಉಳಿದವರಲ್ಲಿ ಕಡಿಮೆ ಹೇಳಿದವರ ಹಾಳೆಯನ್ನು ಮತ್ತೊಬ್ಬರಿಗೆ ತೋರಿಸಿ. ಎರಡು ಸುತ್ತಿಗೆ ಬೆಲೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬ್ರೋಕರ್ ಹೇಳಿದ ದರವನ್ನು ಅಳೆಯೋಕೂ ಇದೇ ತಕ್ಕಡಿ.

ಬೇರೆ ಊರಿನಲ್ಲಿ ತೆರಿಗೆ ಕಡಿಮೆ ಅಂತ ಕ್ಯಾಲಿಫೋರ್ನಿಯಾದೊಳಗೇ ದೂರ ಹೋಗಿ ಕೊಂಡರೆ ಪ್ರಯೋಜನ ಇಲ್ಲ. ತೆರಿಗೆ ನಿಮ್ಮ ಮನೆ ವಿಳಾಸದ ಲೆಕ್ಕಕ್ಕೆ ಬೀಳುತ್ತದೆ. ಕಾರಿನ ಬೆಲೆ ಮಾತ್ರ ದೂರದಲ್ಲಿ ಕಡಿಮೆ ಸಿಗಬಹುದು.

ಇವೆರಡರ ನಡುವೆ ಒಂದು ದಾರಿ, ಸದಸ್ಯರಿಗೆ ಮಾತ್ರ ಮಾರುವ ದೊಡ್ಡ ಅಂಗಡಿ ಕಾಸ್ಟ್‌ಕೋದ ಆಟೋ ಪ್ರೋಗ್ರಾಂ. ಸದಸ್ಯರಿಗೆ ಗೊತ್ತುಮಾಡಿದ ಡೀಲರ್ ಹತ್ತಿರ ಮೊದಲೇ ಒಪ್ಪಿಕೊಂಡ ಬೆಲೆ ಇರುತ್ತದೆ. ಚೌಕಾಸಿ ಅಂದರೆ ಆಗದವರಿಗೆ ನೆಮ್ಮದಿ. ಆದರೆ ಫೈನಾನ್ಸ್ ಕೋಣೆಗೆ ಹೋಗೋದು ಅಲ್ಲೂ ತಪ್ಪೋದಿಲ್ಲ.

ಯಾರಿಗೆ ಯಾವುದು ಅಂದರೆ, ನನ್ನ ಅಭಿಪ್ರಾಯ ಹೀಗಿದೆ. ಲೀಸ್ ಮಾಡುವವರಿಗೆ, ಮನೆಯಲ್ಲಿ ಹಸುಗೂಸು ಇದ್ದು ವಾರಾಂತ್ಯವೇ ಸಿಗದವರಿಗೆ ಬ್ರೋಕರ್ ಫೀಸು ವ್ಯರ್ಥ ಅಲ್ಲ. ಎಲ್ಲೆಡೆ ಸಿಗುವ ಕ್ಯಾಮ್ರಿ, ಸಿವಿಕ್‌ನಂಥ ಗಾಡಿಯನ್ನು ಸಾಲ ಮಾಡಿ ಅಥವಾ ಪೂರ್ತಿ ದುಡ್ಡು ಕೊಟ್ಟು ಕೊಳ್ಳುವವರಿಗೆ ಇಮೇಲ್ ಸಾಕು. ಹೊಸದಾಗಿ ಎಚ್-1ಬಿ ಮೇಲೆ ಬಂದವರ ತೊಂದರೆಯೇ ಬೇರೆ. ಅವರಿಗೆ ಕ್ರೆಡಿಟ್ ಚರಿತ್ರೆಯೇ ಇರೋದಿಲ್ಲ. ಅದನ್ನು ಬ್ರೋಕರ್ ಸರಿಮಾಡಲಾರ. ಕೆಲವು ಬ್ರಾಂಡ್‌ಗಳ ಫೈನಾನ್ಸ್ ಕಂಪನಿಗಳಲ್ಲಿ ಹೊರದೇಶದಿಂದ ಬಂದ ಉದ್ಯೋಗಿಗಳಿಗೆ ಬೇರೆ ಯೋಜನೆ ಇದೆ. ಅದನ್ನು ಡೀಲರ್ ಹತ್ತಿರವೇ ವಿಚಾರಿಸಬೇಕು.

ಹಳೆ ಕಾರು ಇದ್ದರೆ ಅದನ್ನು ಈ ವ್ಯವಹಾರದೊಳಗೆ ಸೇರಿಸಬೇಡಿ. ಹೊಸ ಕಾರಿಗೆ ಸಾವಿರ ಇಳಿಸಿ ಹಳೆಯದರಲ್ಲಿ ಎರಡು ಸಾವಿರ ಹಿಡಿದುಕೊಳ್ಳೋದು ಹಳೇ ಚಾಳಿ. ಹಳೆ ಕಾರು ಕೊಳ್ಳುವ ಕಾರ್‌ಮ್ಯಾಕ್ಸ್ ಕಂಪನಿಯಲ್ಲಿ ಬೆಲೆ ಬರೆಸಿಕೊಂಡರೆ ಏಳು ದಿನ ನಡೆಯುತ್ತದೆ. ಆ ಹಾಳೆ ಕೈಯಲ್ಲಿದ್ದರೆ ಹೋಲಿಸಿ ನೋಡಬಹುದು. ಟೆಕ್ಸಸ್‌ನಂಥ ಕಡೆ ಹಳೆ ಕಾರಿನ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ, ಹಾಗಾಗಿ ಡೀಲರ್‌ಗೇ ಕೊಡೋದರಲ್ಲಿ ಸ್ವಲ್ಪ ಅನುಕೂಲ ಇದೆ. ಕ್ಯಾಲಿಫೋರ್ನಿಯಾದಲ್ಲಿ ಪೂರ್ತಿ ಬೆಲೆಗೆ ತೆರಿಗೆ, ಆ ಅನುಕೂಲ ಇಲ್ಲ.

ದುಡ್ಡಿನ ವಿಷಯದಲ್ಲಿ ಒಂದು ಗೆರೆ ದಾಟಬೇಡಿ. ಕಾರಿನ ಹಣ ಹೋಗಬೇಕಾದ್ದು ಡೀಲರ್ ಹೆಸರಿಗೆ. ಬ್ರೋಕರ್ ಫೀಸು ಕಾರು ಕೈಗೆ ಬಂದ ಮೇಲೆ ಕೊಡೋದು ಒಳ್ಳೆಯದು. "ಇವತ್ತೇ ಮೂರು ಸಾವಿರ ಝೆಲ್ ಮಾಡಿ, ಇಲ್ಲಾಂದ್ರೆ ಗಾಡಿ ಬೇರೆಯವರಿಗೆ ಹೋಗುತ್ತೆ" ಅಂದರೆ ಹೋಗಲಿ ಬಿಡಿ. ಬ್ಯಾಂಕ್ ಖಾತೆಯಿಂದ ತಕ್ಷಣ ಹಣ ಕಳಿಸುವ ಝೆಲ್‌ನಲ್ಲಿ ಹೋದ ದುಡ್ಡು ವಾಪಸ್ ತರಿಸೋದು ಬಹಳ ಕಷ್ಟ.

ಕಾರು ಮನೆಗೇ ಬಂದರೂ ಅವಸರದಲ್ಲಿ ಸಹಿ ಹಾಕಬೇಡಿ. ಮೊದಲು ಗಾಡಿಯ ವಿನ್ ನಂಬರ್ (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ಕಾಗದದ್ದಕ್ಕೆ ಸರಿಹೊಂದುತ್ತದಾ ನೋಡಿ. ಓಡೋಮೀಟರ್ ನೋಡಿ. ದೂರದ ಡೀಲರ್‌ನಿಂದ ಓಡಿಸಿಕೊಂಡೇ ತಂದಿದ್ದರೆ ನೂರಾರು ಮೈಲಿ ಆಗಿರಬಹುದು, ಅದನ್ನು ಮೊದಲೇ ಹೇಳಿದ್ದರಾ? ಆಮೇಲೆ ಇಮೇಲ್‌ನಲ್ಲಿ ಬಂದ ಹಾಳೆಯನ್ನು ಪಕ್ಕದಲ್ಲಿಟ್ಟು ಒಪ್ಪಂದದ ಒಂದೊಂದು ಸಾಲನ್ನೂ ಹೋಲಿಸಿ. ಸಾಲದ ಮೇಲೆ ಕೊಳ್ಳುವಾಗ ಆಡ್-ಆನ್ ಸೇರಿಸಿದರೆ ಕಂತು ಎಷ್ಟು, ಸೇರಿಸದಿದ್ದರೆ ಎಷ್ಟು ಅಂತ ಎರಡನ್ನೂ ಬರೆದು ತೋರಿಸಬೇಕು ಅನ್ನುತ್ತದೆ ಕ್ಯಾಲಿಫೋರ್ನಿಯಾದ ಅದೇ 2006ರ ಕಾನೂನು. ಆ ಹಾಳೆ ಕೇಳಿ ಪಡೆಯಿರಿ. ಮಾತಿಗೆ ಬಾರದ ಒಂದು ಸಾಲು ಕಂಡರೂ ತಂದವನ ಎದುರೇ ಬ್ರೋಕರ್‌ಗೆ ಫೋನ್ ಹಚ್ಚಿ. ಕಾಗದ ಸರಿಯಾಗದಿದ್ದರೆ ಸಹಿ ಹಾಕದೆ ಗಾಡಿಯನ್ನು ವಾಪಸ್ ಕಳಿಸಿಬಿಡಿ, ಅದು ನಿಮ್ಮ ಹಕ್ಕು. ಮೂರು ದಿನದೊಳಗೆ ಹಿಂದಿರುಗಿಸಬಹುದಂತೆ ಅನ್ನುವ ಮಾತು ಬಹಳ ಓಡಾಡುತ್ತದೆ. ಹೊಸ ಕಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಅಂಥ ಸೌಲಭ್ಯ ಇಲ್ಲ. ಸಹಿ ಬಿದ್ದ ಮೇಲೆ ಕಾರು ನಿಮ್ಮದು.